ಅವ್ವನ ಕಿಟಕಿಯ ಕೆಳಗಿನ ಕೊಳ

ಬಚ್ಚಲುಮನೆಗೆಂದು ತರಿಸಿದ ಸಿಮೆಂಟ್ ಬ್ಲಾಕುಗಳು ಬೈರಾಪಟ್ಟಣದ ಆ ಮನೆಯ ಹಿತ್ತಿಲಲ್ಲಿ ದೀಪಾವಳಿ ಕಳೆದ ಮೇಲೂ ಹಾಗೇ ಬಿದ್ದಿದ್ದವು. ರಾಧಾಮಣಿ ಅವುಗಳ ಮೇಲೆ ಒದ್ದೆ ಗೋಣಿಚೀಲ ಹರವುತ್ತಿದ್ದಳು. ಕೋಳಿಗಳು ಹತ್ತಿ ಕೂತು ಗಲೀಜು ಮಾಡಿದರೆ ತೊಳೆಯುತ್ತಿದ್ದಳು. ಹೇಗೂ ನಾಳೆ ಗೋಡೆಗೆ ಏರುವ ಬ್ಲಾಕುಗಳಲ್ಲವೇ ಎಂದು.

ಅತ್ತೆ ಅಂಬುಜಮ್ಮ ಹೋದ ವರ್ಷ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಕಂಬಿ ಹಾಕಿಸಿದ ಮೇಲೆ ಕೋಲೂರಿ ನಡೆಯುತ್ತಿದ್ದಳು, ಆದರೆ ಒಬ್ಬಳೇ ಅಲ್ಲ. ಬಚ್ಚಲು, ಕಕ್ಕಸು ಎರಡೂ ಹಿತ್ತಿಲ ಕೊನೆಯಲ್ಲಿ, ತೆಂಗಿನ ಮರ ದಾಟಿ. ಹಗಲಿರಲಿ, ರಾತ್ರಿಯಿರಲಿ, "ರಾಧಾ" ಎಂಬ ಕೂಗು ಬಂದರೆ ರಾಧಾಮಣಿ ಎದ್ದು, ಅತ್ತೆಯ ಕಂಕುಳಿಗೆ ಕೈಕೊಟ್ಟು ನಡೆಸಿಕೊಂಡು ಹೋಗಬೇಕು, ಬಾಗಿಲಾಚೆ ನಿಂತು ಕಾಯಬೇಕು, ಮತ್ತೆ ನಡೆಸಿಕೊಂಡು ಬಂದು ಮಲಗಿಸಬೇಕು. ಇದರ ಜೊತೆಗೆ ರೇಷ್ಮೆ ಹುಳಕ್ಕೆ ಸೊಪ್ಪು ಕುಯ್ಯಬೇಕು, ಹೊತ್ತು ತರಬೇಕು, ಹಾಕಬೇಕು. ಅತ್ತೆಯ ಕೋಣೆಯ ಹಿಂಗೋಡೆಗೆ ಒಂದು ಬಾಗಿಲು ಒಡೆದು, ಅದಕ್ಕೆ ಹೊಂದಿದಂತೆ ಬಚ್ಚಲು, ಕಕ್ಕಸು ಕಟ್ಟಿಬಿಟ್ಟರೆ ಆ ಓಡಾಟ ತಪ್ಪುತ್ತಿತ್ತು.

"ಗಾರೆಯೋರು ಯಾಕೆ, ನಾನೇ ಕಟ್ತೀನಿ," ಎಂದಿದ್ದ ಅವಳ ಗಂಡ ಅನಂತರಾಜು. ಬಿಡದಿಯ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುವ ಕೆಲಸ ಅವನದಾಗಿತ್ತು. ವಯಸ್ಸಾದವರನ್ನು ಲೆಕ್ಕ ಚುಕ್ತಾ ಮಾಡಿ ಮನೆಗೆ ಕಳಿಸಿದಾಗ ಅವನೂ ಬಂದಿದ್ದ. ಬಂದವನು ಜಗಲಿಯ ಮೇಲೆ ಕೂತು ಫೋನು ಹಿಡಿದರೆ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. ಮಾತು ಹೂಂ, ಉಹೂಂ ಅಷ್ಟೇ.

ಕಾರ್ತಿಕದ ಒಂದು ಬೆಳಿಗ್ಗೆ ರಾಧಾಮಣಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹಿತ್ತಿಲಿಗೆ ಬಂದಾಗ ಅತ್ತೆ ಕುರ್ಚಿಯ ಮೇಲೆ ಮಡಿ ಸೀರೆ ಉಟ್ಟು ಕೂತಿದ್ದಳು. ಅವಳ ಕಿಟಕಿಯ ಕೆಳಗೆ ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಕಳಶದಲ್ಲಿ ನೀರು, ಒಡೆದ ತೆಂಗಿನಕಾಯಿ, ಇನ್ನೂ ಉರಿಯುತ್ತಿದ್ದ ಕರ್ಪೂರ.

ರಾಧಾಮಣಿ ಹೊರೆ ಇಳಿಸಿ ಕೈಮುಗಿದಳು. "ಇವತ್ತೇ ಶುರುವಾ ಅತ್ತೆ? ನಂಗೊಂದು ಮಾತು ಹೇಳಿದ್ರೆ ತಲೆಗೆ ನೀರು ಹಾಕ್ಕೊಂಡು ಬತ್ತಿದ್ದೆ."

"ಹೊತ್ತು ಚೆನ್ನಾಗಿತ್ತು ಕಣವ್ವ. ಗಂಗವ್ವನ ಪೂಜೆ ಮಾಡ್ಬುಟ್ಟೆ."

"ಬಚ್ಚಲಿಗೂ ಗಂಗೆ ಪೂಜೆ ಮಾಡ್ತಾರಾ?"

ಅಂಬುಜಮ್ಮ ಮಗನ ಕಡೆ ನೋಡಿದಳು. ಅನಂತರಾಜು ಗುದ್ದಲಿ ಎತ್ತಿಕೊಂಡ.

"ಬಚ್ಚಲಲ್ಲ," ಎಂದ. "ಕೊಳ. ಮೀನಿನ ಕೊಳ ಕಟ್ತೀನಿ. ಕೋಯಿ ಅಂತವೆ, ಜಪಾನಿನ ಮೀನು. ಬಣ್ಣ ಬಣ್ಣದವು."

"ಬ್ಲಾಕು?"

"ಇವೇ."

ಹುಳ ಎರಡನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದಿದ್ದವು, ಸೊಪ್ಪಿಗೆ ಕಾಯುತ್ತಿದ್ದವು. ರಾಧಾಮಣಿ ಹೊರೆ ಎತ್ತಿಕೊಂಡು ಹುಳುಮನೆಗೆ ಹೋದಳು.

ಮಾತು ಎದ್ದದ್ದು ಆ ಸಂಜೆ ಊಟಕ್ಕೆ ಕೂತಾಗ. ಮಗಳು ರಮ್ಯಾ ಚನ್ನಪಟ್ಟಣದ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದಿದ್ದಳು. ತಟ್ಟೆಯಲ್ಲಿ ಮುದ್ದೆ, ಹುರುಳಿ ಸಾರು. ಅನಂತರಾಜು ಅಪರೂಪಕ್ಕೆ ಎರಡನೇ ಮುದ್ದೆ ಕೇಳಿದ.

"ಹಸಿವಾಯ್ತಾ ಅಪ್ಪ?" ಎಂದಳು ರಮ್ಯಾ. "ಆಗ್ಬೇಕಲ್ಲ. ಮೀನಿಗೆ ಮನೆ ಕಟ್ತಿದೀಯಂತೆ."

"ಅಜ್ಜಿ ಕಿಟಕೀಲಿ ಕೂತು ನೋಡ್ತಾಳೆ. ಅವಳಿಗೂ ಹೊತ್ತು ಹೋಯ್ತದೆ."

"ಚೆನ್ನಾಗೈತೆ. ಮೀನಿಗೆ ಗೋಡೆ ಪಕ್ಕದಲ್ಲೇ ನೀರು, ಅಜ್ಜಿಗೆ ಹಿತ್ತಿಲ ಕೊನೇಲಿ."

"ಬಾಯ್ಮುಚ್ಕೊಂಡು ಉಣ್ಣು. ಬಚ್ಚಲು ಆಮೇಲೆ ಕಟ್ಟಿದರಾಯ್ತು."

"ಎಲ್ಲಿ?" ರಾಧಾಮಣಿ ಕೇಳಿದಳು. "ಆ ಗೋಡೆ ಬುಟ್ರೆ ಕಕ್ಕಸಿನ ಗುಂಡಿಗೆ ಪೈಪು ಎಳೆಯೋಕೆ ಇನ್ನೆಲ್ಲಿ ಜಾಗ ಐತೆ?"

ಅನಂತರಾಜು ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಕಾರ್ಖಾನೆ ಆಫೀಸಿನ ಮುಂದೆ ಅಂಥದೊಂದು ಕೊಳ ಇತ್ತು. ಇಷ್ಟು ವರ್ಷ ಅದರ ಪಕ್ಕದಲ್ಲೇ ಕೂತು ಬುತ್ತಿ ಉಂಡಿದೀನಿ. ಅನ್ನದ ಅಗುಳು ಹಾಕಿದ್ರೆ ಬಾಯಿ ಬುಟ್ಕೊಂಡು ಬರೋವು. ನನ್ನ ಗುರುತು ಹಿಡಿಯೋವು." ಅಷ್ಟು ಉದ್ದದ ಮಾತನ್ನು ಅವನು ಆಡಿ ತಿಂಗಳುಗಳಾಗಿದ್ದವು. ಆಡಿದ್ದಕ್ಕೆ ನಾಚಿದವನಂತೆ ತಲೆತಗ್ಗಿಸಿ ಉಂಡ.

"ನಾನೇ ಹೇಳ್ದೆ ಕಣೇ ರಾಧಾ," ಎಂದಳು ಅಂಬುಜಮ್ಮ ಕೋಣೆಯ ಬಾಗಿಲಿನಿಂದ. ಅವಳು ಮಂಚದ ಮೇಲೇ ಉಣ್ಣುತ್ತಿದ್ದಳು. "ನಂಗೆ ಬಚ್ಚಲು ಬ್ಯಾಡ, ಅವನು ಕೊಳ ಕಟ್ಟಲಿ ಅಂದೆ. ಕಲ್ಲು ಕೂತಂಗೆ ಕೂತಿದ್ದ ನನ್ನ ಮಗ ಎದ್ದು ಗುದ್ದಲಿ ಹಿಡಿದ್ನಲ್ಲ, ನಂಗಷ್ಟು ಸಾಕು. ಇನ್ನೆಷ್ಟು ದಿನ ಇದ್ದೇನು ನಾನು. ನಂಗ್ಯಾಕೆ ಬಚ್ಚಲು."

ರಾಧಾಮಣಿ ಸಾರಿನ ಸೌಟು ಪಾತ್ರೆಗೆ ಬಿಟ್ಟಳು.

"ನಿಮ್ಮ ಮಗನಿಗೆ ನೀವು ಕೊಟ್ರಿ ಅತ್ತೆ. ಬ್ಯಾಡ ಅನ್ನಕ್ಕಿಲ್ಲ. ಆದರೆ ಆ ಬಚ್ಚಲು ನಿಮ್ದಾಗಿರ್ಲಿಲ್ಲ. ನನ್ನ ಕಾಲಿಂದು."

ರಮ್ಯಾ ಎದ್ದು ತಟ್ಟೆಗಳನ್ನು ತೊಳೆಯಲು ತೆಗೆದುಕೊಂಡು ಹೋದಳು. ಊಟದ ಸದ್ದು ನಿಂತ ಮೇಲೆ ಅಂಬುಜಮ್ಮ ಎಂದಿನಂತೆ ದೇವರ ಹಾಡು ಗುನುಗಿದಳು. ಹಾಡು ಮುಗಿಸಿ, ಎಂದಿನಂತೆ, "ರಾಧಾ" ಎಂದಳು. ರಾಧಾಮಣಿ ಹೋಗಿ ಕಂಕುಳಿಗೆ ಕೈ ಕೊಟ್ಟಳು.

ಕೆಲಸ ಮುಂದುವರಿಯಿತು. ಅನಂತರಾಜು ಬೆಳಿಗ್ಗೆ ಕಾಫಿ ಕುಡಿದು ಇಳಿದರೆ ಮಧ್ಯಾಹ್ನದ ತನಕ ಅಗೆಯುತ್ತಿದ್ದ. ಮಣ್ಣನ್ನು ಬಾಂಡ್ಲಿಯಲ್ಲಿ ತುಂಬಿ ತೆಂಗಿನ ಬುಡಕ್ಕೆ ಸುರಿಯುತ್ತಿದ್ದ. ಫೋನನ್ನು ಬಕೆಟ್ಟಿಗೆ ಒರಗಿಸಿ, ಯಾರೋ ಕೊಳ ಕಟ್ಟುವುದನ್ನು ನೋಡಿ, ನಿಲ್ಲಿಸಿ, ಮತ್ತೆ ನೋಡುತ್ತಿದ್ದ. ತಳಕ್ಕೆ ಜಲ್ಲಿ, ಕಂಬಿ ಹಾಕಿ ಕಾಂಕ್ರೀಟು ಹಾಸಿದ. ಮೊದಲನೇ ವರಸೆ ಬ್ಲಾಕು ಸೊಟ್ಟಗಾಯಿತು, ಕಿತ್ತು ಮತ್ತೆ ಕೂರಿಸಿದ. ರಸಮಟ್ಟ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ ಅಂಬುಜಮ್ಮ ಕಿಟಕಿಯಿಂದಲೇ, "ಎಡಕ್ಕೆ ಒಸಿ ತಗ್ಗೈತೆ ನೋಡ್ಲಾ," ಎನ್ನುವಳು. "ನಿಂಗೆಂಗವ್ವಾ ಕಾಣ್ತದೆ ಅಲ್ಲಿಂದ?" ಎಂದು ಅವನು ನಗುವನು. ಆ ಮನೆಯಲ್ಲಿ ತಾಯಿ ಮಗ ನಗುವುದನ್ನು ಕೇಳಿ ಬಹಳ ದಿನವಾಗಿತ್ತು. ರಾಧಾಮಣಿಗೂ ಅದು ಕೇಳಿಸುತ್ತಿತ್ತು. ಅವಳು ಮರಳಿನ ಗುಡ್ಡೆ ಬಳಸಿಕೊಂಡು, ಅತ್ತೆಯನ್ನು ಹಿಡಿದುಕೊಂಡು, ಮೊದಲಿಗಿಂತ ದೂರದ ಹಾದಿಯಲ್ಲಿ ಹಿತ್ತಿಲ ಕೊನೆಗೆ ನಡೆಯುತ್ತಿದ್ದಳು.

ಗುಂಡಿಯ ತಳದಿಂದ ಗೋಡೆ ಎದೆಮಟ್ಟಕ್ಕೆ ಬಂತು. ಒಳಗೋಡೆಗೆ ಗಿಲಾವು ಆಯಿತು, ನುಣ್ಣಗೆ ತಿಕ್ಕಿದ್ದಾಯಿತು. ಚನ್ನಪಟ್ಟಣದಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದ ಅತೀಕ್ ಒಂದು ಭಾನುವಾರ ಸ್ಕೂಟರಿನಲ್ಲಿ ಬಂದು ಸುತ್ತ ನೋಡಿದ. ಅವನೂ ಅನಂತರಾಜುವೂ ಒಂದೇ ಶಾಲೆಯಲ್ಲಿ ಓದಿದವರು.

"ಭಲೇ ರಾಜಣ್ಣ. ಕಟ್ಟೇಬುಟ್ಟೆಯಲ್ಲಪ್ಪ."

"ಮೀನು ಯಾವಾಗ ಕೊಡ್ತೀಯ?"

"ಮೀನು ಕೊಟ್ರೆ ನಾಳೇನೇ ತೇಲ್ತವೆ, ಹೊಟ್ಟೆ ಮೇಲ್ಮಾಡ್ಕೊಂಡು. ಹೊಸ ಸಿಮೆಂಟು ಉರಿ ಕಣಪ್ಪ. ನೀರು ತುಂಬಿಸು, ನಾಕು ದಿನ ಬುಡು, ಚೆಲ್ಲು. ಮತ್ತೆ ತುಂಬಿಸು, ಚೆಲ್ಲು. ಆ ಉರಿ ಇಳೀಬೇಕು." ಕಾಫಿ ಲೋಟ ತಂದ ರಾಧಾಮಣಿಗೆ, "ಏನಕ್ಕ, ಮನೆ ಮುಂದೆ ಇನ್ನು ಜನವೋ ಜನ. ನೋಡಕ್ಕೆ ಬತ್ತಾರೆ," ಎಂದ.

"ಬರಲಿ ಬುಡಣ್ಣ. ಬಂದೋರಿಗೆ ಕಾಫಿ ಕಾಸೋಕೆ ನಾನಿದೀನಲ್ಲ."

ಅತೀಕ್ ಲೋಟ ಕೆಳಗಿಟ್ಟು ಬೇಗ ಹೊರಟ.

ಕೊಳವೆಬಾವಿಯ ನೀರು ತುಂಬಿಸಿದ್ದಾಯಿತು, ಚೆಲ್ಲಿದ್ದಾಯಿತು. ಚೆಲ್ಲಿದ ನೀರು ಹಿತ್ತಿಲ ತುಂಬ ಹರಿದು, ನಡೆಯುವ ಹಾದಿಯಲ್ಲಿ ನಿಂತು, ಧನುರ್ಮಾಸದ ಮಂಜಿಗೆ ಒಣಗದೆ ಪಾಚಿಗಟ್ಟಿತು. ರಾಧಾಮಣಿ ಬೂದಿ ಸುರಿದಳು, ಹೊಟ್ಟು ಸುರಿದಳು. ಮತ್ತೆ ನೀರು ಬಂತು. ಕೊನೆಗೊಂದು ದಿನ ಅತೀಕ್ ಪ್ಲಾಸ್ಟಿಕ್ ಚೀಲದಲ್ಲಿ ಮೀನು ತಂದು ಬಿಟ್ಟ. ಕೆಂಪು, ಬಿಳಿ, ಅರಿಶಿನದ ಬಣ್ಣ. ಅಂಬುಜಮ್ಮ ಕಿಟಕಿಯ ಸರಳು ಹಿಡಿದು ಗಂಗವ್ವನನ್ನು ನೆನೆದಳು. ಬೀದಿಯವರು ಬಂದು ನೋಡಿ ಹೋದರು. ಅನಂತರಾಜು ಕೊಳದ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಊಟ ಮಾಡಿದ.

ಅದಾದ ಎರಡೇ ದಿನಕ್ಕೆ, ಮುಂಜಾನೆ, ಅತ್ತೆಯನ್ನು ನಡೆಸಿಕೊಂಡು ಬರುವಾಗ ರಾಧಾಮಣಿಯ ಕಾಲು ಪಾಚಿಯ ಮೇಲೆ ಜಾರಿತು. ಬೀಳುವಾಗಲೂ ಅವಳು ಕೈ ಬಿಡಲಿಲ್ಲ. ತಾನು ಕೆಳಗೆ, ಅತ್ತೆ ಅವಳ ಮಡಿಲ ಮೇಲೆ. ಅತ್ತೆಗೆ ಏನೂ ಆಗಲಿಲ್ಲ. ರಾಧಾಮಣಿಯ ಮೊಣಕಾಲಿಗೆ ಬ್ಲಾಕಿನ ಚೂರು ಹೊಕ್ಕಿತ್ತು. ಇಬ್ಬರೂ ಕೆಸರಲ್ಲಿ ಕೂತಿದ್ದರು.

"ನಿನ್ನ ಪುಣ್ಯ ಕಣವ್ವ, ನನ್ನ ಉಳಿಸ್ದೆ," ಎಂದಳು ಅಂಬುಜಮ್ಮ.

"ಎದ್ದೇಳಿ ಅತ್ತೆ."

ಅತ್ತೆಯನ್ನು ಒಳಗೆ ಕೂರಿಸಿ, ಸೀರೆ ಬದಲಿಸಿ, ಕಾಫಿ ಕೊಟ್ಟು, ರಾಧಾಮಣಿ ತನ್ನ ಚಾಪೆ, ದಿಂಬು, ಕಂಬಳಿ ಸುತ್ತಿಕೊಂಡಳು. ಅನಂತರಾಜು ಮೀನಿಗೆ ಹಾಕಲು ಕಾಳು ಹಿಡಿದು ಬರುತ್ತಿದ್ದ.

"ಎಲ್ಲಿಗೆ?"

"ಹುಳುಮನೆಗೆ. ಇನ್ನು ನಾನು ಅಲ್ಲೇ ಮನಗೋದು. ಅಡುಗೆ ಮಾಡ್ತೀನಿ, ಸೊಪ್ಪು ಹಾಕ್ತೀನಿ. ನಿಮ್ಮವ್ವನ್ನ ಆಚೆ ಕರ್ಕೊಂಡೋಗೋದು ನೀವು ನೋಡ್ಕಳಿ."

"ಏನಾಯ್ತೇ? ಸಿಟ್ಟಲ್ಲಿ ಏನೇನೋ ಮಾತಾಡ್ಬ್ಯಾಡ."

"ಸಿಟ್ಟಿಲ್ಲ," ಎಂದಳು. "ಸಿಟ್ಟಿಗೂ ಶಕ್ತಿ ಬೇಕು."

ಅಂದು ಅಂಬುಜಮ್ಮ "ರಾಧಾ" ಎಂದು ಕೂಗಿದಾಗ ಅನಂತರಾಜು ಹೋದ. ತಾಯಿ ಅವನನ್ನು ನೋಡಿ ಸೆರಗು ಎಳೆದುಕೊಂಡಳು. "ನೀನ್ಯಾಕ್ಲಾ ಬಂದೆ? ಏನಿಲ್ಲ ಹೋಗು. ಸುಮ್ಕೆ ಕೂಗ್ದೆ."

"ಆಚೆ ಹೋಗ್ಬೇಕೇನವ್ವ?"

"ಗಂಡುಮಗ ಕರ್ಕೊಂಡೋಗೋದಾ? ಏನಿಲ್ಲ ಅಂದ್ನಲ್ಲ."

ರಮ್ಯಾ ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ, ಮಲಗುವ ಮುನ್ನ ಒಮ್ಮೆ ಅಜ್ಜಿಯನ್ನು ಕರೆದುಕೊಂಡು ಹೋದಳು. ನಡುವಿನ ಹೊತ್ತನ್ನು ಅಂಬುಜಮ್ಮ ತಡೆದುಕೊಂಡಳು. ತಡೆದುಕೊಳ್ಳಲು ಅವಳು ಕಂಡುಕೊಂಡ ದಾರಿ ಒಂದೇ. ಮಜ್ಜಿಗೆ ಬೇಡ ಎಂದಳು, ಹಲ್ಲು ಜುಮ್ ಅನ್ನುತ್ತದೆ. ಕಾಫಿ ಬೇಡ, ಹುಳಿತೇಗು. ರಾಧಾಮಣಿ ಊಟದ ಜೊತೆ ಇಟ್ಟ ನೀರಿನ ಚೊಂಬು ಖಾಲಿಯಾಗಿ ಬರುತ್ತಿತ್ತು, ಆದರೆ ಕಿಟಕಿಯ ಕೆಳಗಿನ ಗೋಡೆ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಕೊಳದ ಪಕ್ಕದ ಗೋಡೆ, ಅದು ಒದ್ದೆಯಿದ್ದರೆ ಯಾರೂ ಏನೂ ಅಂದುಕೊಳ್ಳಲಿಲ್ಲ.

ಮುಂದಿನ ಬೆಳೆಯ ಹುಳ ಹಣ್ಣಾದವು, ಗೂಡು ಕಟ್ಟಲು ಸಿದ್ಧವಾದವು. ರಾಧಾಮಣಿ ಮತ್ತು ಕೂಲಿಗೆ ಬಂದ ಇಬ್ಬರು ಹೆಂಗಸರು ಉಗ್ರಾಣದಲ್ಲಿದ್ದ ಚಂದ್ರಿಕೆಗಳನ್ನೆಲ್ಲ, ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿಗಳನ್ನು, ಆಚೆಗೆ ಸಾಗಿಸಿ, ಹಣ್ಣಾದ ಹುಳ ಆರಿಸಿ ಅವುಗಳ ಮೇಲೆ ಬಿಡುತ್ತಿದ್ದರು. ಆಗ ರಮ್ಯಾ ಓಡಿ ಬಂದಳು.

"ಅಮ್ಮ, ಅಜ್ಜಿ ಮೈ ಕಾದ ಹೆಂಚಾಗೈತೆ. ಏನೇನೋ ಬಡಬಡಿಸ್ತಾವ್ಳೆ."

ಅತೀಕನ ಪರಿಚಯದ ಆಟೋದಲ್ಲಿ ಚನ್ನಪಟ್ಟಣಕ್ಕೆ ಒಯ್ದರು. ಡಾಕ್ಟರಮ್ಮ ನಾಲಿಗೆ ನೋಡಿದಳು, ಕೈಯ ಚರ್ಮ ಚಿವುಟಿ ಎತ್ತಿ ಬಿಟ್ಟಳು. ಅದು ಎತ್ತಿದಂತೆಯೇ ನಿಂತಿತು. ಮೂತ್ರದಲ್ಲಿ ಸೋಂಕು ಎಂದು ಡ್ರಿಪ್ ಹಾಕಿಸಿದಳು.

"ಮನೆಯಲ್ಲಿ ನೀರಿಗೆ ತೊಂದರೆಯೇ?" ಎಂದು ಕೇಳಿದಳು.

"ಇಲ್ಲ ಮೇಡಂ," ಎಂದ ಅನಂತರಾಜು.

"ಮತ್ತೆ? ಈ ಅಜ್ಜಿ ಎಷ್ಟೋ ದಿನದಿಂದ ನೀರೇ ಕುಡಿದ ಹಾಗಿಲ್ಲ."

ಅವನು ರಾಧಾಮಣಿಯ ಮುಖ ನೋಡಿದ. ಅವಳು ಅತ್ತೆಯ ಕಾಲಿನ ಹತ್ತಿರ ನಿಂತಿದ್ದಳು. ಅವಳ ಸೆರಗಿನಲ್ಲಿ ಒಂದು ಹಣ್ಣಾದ ಹುಳ ಅಂಟಿಕೊಂಡು ಬಂದು, ಅಲ್ಲೇ ನೂಲು ಬಿಡಲು ಶುರುಮಾಡಿತ್ತು.

"ನಂಗೆ ಗೊತ್ತಿರ್ಲಿಲ್ಲ," ಎಂದಳು ಅವಳು. ಅತ್ತೆಯ ಕಾಲ ಮೇಲಿನ ಹೊದಿಕೆ ಸರಿಮಾಡಿ, "ಗೊತ್ತಾಗ್ಬೋದಿತ್ತು," ಎಂದಳು.

ಅಂಬುಜಮ್ಮ ಆರನೇ ದಿನ ಮನೆಗೆ ಬಂದಳು. ಅವಳನ್ನು ಮಂಚದ ಮೇಲೆ ಮಲಗಿಸಿದ ಕೂಡಲೇ ಅನಂತರಾಜು ಹಿತ್ತಿಲಿಗೆ ಹೋಗಿ ಸುತ್ತಿಗೆ ತೆಗೆದುಕೊಂಡ. ಮೊದಲ ಏಟಿಗೆ ಕಟ್ಟೆಯ ಮೇಲಿನ ಬ್ಲಾಕು ಸೀಳಿತು, ಮೀನುಗಳು ಒಂದು ಮೂಲೆಗೆ ಓಡಿದವು. ಹುಳುಮನೆಯಲ್ಲಿ ಗೂಡು ಬಿಡಿಸುತ್ತಿದ್ದ ರಾಧಾಮಣಿ ಆಚೆ ಬಂದಳು.

"ಲೋ ರಾಜು, ನಿಲ್ಸು!" ಕಿಟಕಿಯಿಂದ ಅಂಬುಜಮ್ಮ ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದಳು. "ಏನ್ ಮಾಡ್ತಿದೀಯ?"

"ಒಡೀತಿದೀನಿ. ಇಲ್ಲೇ ಬಚ್ಚಲು, ಕಕ್ಕಸು ಎರಡೂ ಕಟ್ತೀನಿ."

"ಗಂಗವ್ವನ್ನ ಕೂರ್ಸಿದ ಜಾಗ ಕಣ್ಲಾ ಅದು! ನನ್ನ ಕೈಯಾರೆ ಪೂಜೆ ಮಾಡಿದೀನಿ. ಅಲ್ಲಿ ಕಕ್ಕಸು ಕಟ್ಟಿದ್ರೆ ನಾನು ಅದರೊಳಕ್ಕೆ ಕಾಲಿಡಾಕಿಲ್ಲ. ಸತ್ರೂ ಇಡಾಕಿಲ್ಲ."

"ಮತ್ತೆ ನೀರು ಕುಡೀದೆ ಸಾಯ್ತೀಯಾ?"

"ಸಾಯ್ತೀನಿ."

ಅನಂತರಾಜು ಸುತ್ತಿಗೆ ಎತ್ತಿ ಇನ್ನೊಂದು ಏಟು ಹಾಕಿದ. ರಾಧಾಮಣಿ ಹತ್ತಿರ ಬಂದು ಸುತ್ತಿಗೆಯ ಹಿಡಿಯ ಮೇಲೆ ಕೈ ಇಟ್ಟಳು. ಅವಳ ಬೆರಳುಗಳಿಗೆ ರೇಷ್ಮೆಯ ನಾರು ಸುತ್ತಿಕೊಂಡಿತ್ತು.

"ಮೀನು ಎಲ್ಲಿಗೆ ಹಾಕ್ತೀರಿ?"

ಅವನು ಕೊಳದೊಳಗೆ ನೋಡಿದ. ಅದನ್ನು ಅವನು ಯೋಚಿಸಿರಲಿಲ್ಲ.

"ಒಡೆದ ಬ್ಲಾಕಿನ ಚೂರು ಯಾರು ಬಾಚ್ತಾರೆ?"

"ನಾನೇ ಬಾಚ್ತೀನಿ."

"ಕಟ್ಟೋವಾಗ ನನ್ನ ಕೇಳ್ಲಿಲ್ಲ. ಅವತ್ತು ನಾನು ಸೊಪ್ಪಿಗೆ ಹೋಗಿದ್ದೆ. ಇವತ್ತು ಇಲ್ಲೇ ಇದೀನಿ. ಒಡೆಯೋವಾಗಲೂ ಕೇಳ್ತಿಲ್ಲ."

ಸುತ್ತಿಗೆ ನೆಲಕ್ಕೆ ಇಳಿಯಿತು. ಅನಂತರಾಜು ಕಟ್ಟೆಯ ಮೇಲೆ ಕೂತ. ಮುಖ ಒರೆಸಿಕೊಂಡ. ಸಿಮೆಂಟಿನ ಪುಡಿ ಹಣೆಗೆಲ್ಲ ಹತ್ತಿತು.

"ಏನ್ ಮಾಡ್ಲಿ ಹೇಳು," ಎಂದ.

ಕೇಳಿದ ಮಾತು ನಿಜವಾಗಿಯೂ ತನ್ನನ್ನೇ ಕೇಳಿದ್ದೋ ಎಂಬಂತೆ ರಾಧಾಮಣಿ ಅವನನ್ನು ನೋಡಿದಳು.

"ಉಗ್ರಾಣ ಖಾಲಿಯಾಗೈತೆ," ಎಂದಳು ಆಮೇಲೆ. "ಚಂದ್ರಿಕೆ ಎಲ್ಲ ಹುಳುಮನೆ ಅಟ್ಟಕ್ಕೆ ಕಟ್ಟಿದ್ರಾಯ್ತು, ಮತ್ತೆ ಒಳಕ್ಕೆ ತರೋದ್ ಬ್ಯಾಡ. ಅದರ ಗೋಡೆ, ಅತ್ತೆ ಕೋಣೆ ಗೋಡೆ ಒಂದೇ. ಬಾಗಿಲು ಅಲ್ಲಿಂದ ಒಡೀರಿ. ಪೈಪು ಒಸಿ ಉದ್ದ ಆಯ್ತದೆ, ಮನೆ ಸುತ್ತಿ ಬರಲಿ. ಸುತ್ತಿ ಬರೋದು ಪೈಪು ತಾನೆ, ನಾನಲ್ಲವಲ್ಲ."

"ಉಗ್ರಾಣದೊಳಗೆ ಅಡ್ಡಗೋಡೆ ಬೇಕು. ಬ್ಲಾಕು?"

"ಇದರ ಮೇಲಿನ ಎರಡು ವರಸೆ ಬಿಚ್ಚಿ. ಉಳಿಯೋದು ಸೊಂಟದ ಮಟ್ಟ. ಸಾಲ್ದಾ?"

"ಮೀನಿಗೆ ಆಳ ಬೇಕು ಕಣೇ. ಅತೀಕ್ ಹೇಳ್ತಿದ್ದ..."

"ಒಸಿ ಬಗ್ಗಿ ಓಡಾಡ್ಲಿ ಬುಡಿ. ನಾವೆಲ್ಲ ಓಡಾಡ್ತಿಲ್ವಾ?"

ಕಿಟಕಿಯ ಒಳಗಿನಿಂದ ಅಂಬುಜಮ್ಮನ ನಗು ಕೇಳಿತು. ಅದು ಕೆಮ್ಮಾಗಿ ನಿಂತಿತು. "ಸರಿಯಾಗಿ ಹೇಳಿದ್ಲು. ಗಂಗವ್ವನೂ ಉಳಿದ್ಲು," ಎಂದಳು. ಆಮೇಲೆ, ಬೇರೆ ದನಿಯಲ್ಲಿ, "ನಾನೂ ನಿನ್ನ ಕೇಳ್ಬೇಕಾಗಿತ್ತು ಕಣವ್ವ," ಎಂದಳು.

ರಾಧಾಮಣಿ ಬೆರಳಿಗೆ ಸುತ್ತಿದ್ದ ನಾರನ್ನು ಬಿಡಿಸಿಕೊಂಡಳು. ಅನಂತರಾಜು ಆಗಲೇ ಎದ್ದು ಕರಣೆ ಹುಡುಕುತ್ತಿದ್ದ.

"ಇವತ್ತು ಬ್ಯಾಡ," ಎಂದಳು ಅವಳು.

"ಈಗಿನ್ನೂ ಹೊತ್ತು ಐತೆ."

"ಇವತ್ತು ಸದ್ದು ಬ್ಯಾಡ. ನಾನು ಮನಗಬೇಕು. ನಾಳೆ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗ್ಬೇಕು. ಅಲ್ಲೀಗಂಟ ನನ್ನ ಯಾರೂ ಕೂಗ್ಬೇಡಿ."

ಅವಳು ಹುಳುಮನೆಯಲ್ಲಿ ಮಲಗಲಿಲ್ಲ. ಅಲ್ಲಿಂದ ಚಾಪೆ, ದಿಂಬು ತಂದು ನಡುಮನೆಯಲ್ಲಿ ಹಾಸಿ, ಫ್ಯಾನಿನ ಕೆಳಗೆ, ಹಗಲಿನಲ್ಲೇ ಮಲಗಿದಳು. ಮದುವೆಯಾಗಿ ಬಂದ ಮೇಲೆ ಬಾಣಂತನದಲ್ಲಿ ಬಿಟ್ಟರೆ ಹಗಲಿನಲ್ಲಿ ಅವಳು ಹಾಗೆ ಕಾಲುಚಾಚಿ ಮಲಗಿದ್ದಿಲ್ಲ. ಕಣ್ಣು ಹತ್ತುತ್ತಿದ್ದಂತೆ ಒಳಕೋಣೆಯಿಂದ ಮಾತು ಕೇಳಿಸಿತು.

"ರಾಧಾ."

"ನಾನಿದೀನಿ ಕಣವ್ವ."

"ನೀನಾ? ಅವಳ ಕರಿ."

"ಅವಳು ಮನಗವ್ಳೆ."

ಮಂಚ ಕಿರುಗುಟ್ಟಿತು. "ಕೋಲು ಕೊಡು. ಕಂಕುಳಿಗೆ ಕೈ ಹಾಕು, ಹಂಗಲ್ಲ, ಕೆಳಗಿಂದ. ಅವಳು ಹಾಕೋ ಹಾಗೆ. ಬಾಗಿಲ ತಾವ ಮೊಕ ಆ ಕಡೆ ಮಾಡ್ಕೊಂಡು ನಿಂತ್ಕೋ."

"ಆಯ್ತು."

"ಪಾಚಿ ಐತೆ, ನಿಧಾನ."

"ಬೂದಿ ಹಾಕಿದೀನಿ ನಡಿಯವ್ವ."

ರಾಧಾಮಣಿಯ ಮೈ ಅಭ್ಯಾಸದಂತೆ ಮೊಣಕೈ ಊರಿ ಅರ್ಧ ಎದ್ದಿತ್ತು. ಹಿತ್ತಿಲ ಬಾಗಿಲ ಚಿಲಕ ತೆಗೆದ ಸದ್ದಾಯಿತು. ಆಮೇಲೆ ಕೋಲಿನ ಸದ್ದು, ಅದರ ಜೊತೆ ಅವನ ಭಾರದ ಹೆಜ್ಜೆ, ಮತ್ತೆ ಕೋಲು. ತೆಂಗಿನ ಮರದ ತನಕ ಅವಳು ಕೇಳಿಸಿಕೊಂಡಳು. ಆಮೇಲೆ ತಲೆಯನ್ನು ದಿಂಬಿಗೆ ಇಟ್ಟಳು.